ಬ್ಯಾಲೆ ಪಾದದ ಸ್ಟ್ರೆಚರ್: ಪಟ್ಟಿ ಬದಲಿಸಿದ ಮೇಲೆ ಬೆರಳಿಗೆ ಜೋಮು, ಹಿಮ್ಮಡಿ ಮೇಲೆ ನೋವು

ಬಳ್ಳಾರಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 12 ವರ್ಷ, ಎರಡು ವರ್ಷದಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಬಳ್ಳಾರಿಯಲ್ಲಿ ನಮಗೆ ಕಲಿಸುವವರು ಸಿಗಲಿಲ್ಲ. ವಾರಕ್ಕೆ ಎರಡು ಸಲ ಫೋನಿನಲ್ಲೇ ಕ್ಲಾಸು. ಬೇರೆ ಮಕ್ಕಳು ಕಾಲು ಚಾಚಿದರೆ ಪಾದ ಬಿಲ್ಲಿನ ಹಾಗೆ ಬಾಗುತ್ತದೆ. ಇವಳದು ಮುಕ್ಕಾಲು ಬಾಗಿ ನಿಂತುಬಿಡುತ್ತದೆ. ಅದನ್ನು ನೋಡಿ ಒಂದಿನ ಅತ್ತೇಬಿಟ್ಟಳು. ಅದಕ್ಕೇ ಮೂರು ತಿಂಗಳ ಹಿಂದೆ ಮರದ ಸ್ಟ್ರೆಚರ್ ತರಿಸಿದೆ.

ನೋಡದವರಿಗೆ ಹೇಳುತ್ತೇನೆ. ಕೆಳಗೆ ಉದ್ದನೆಯ ಹಲಗೆ. ನಡುವೆ ಕಮಾನಿನ ತರ ಎದ್ದ ಭಾಗ, ಅದರ ಮೇಲೆ ಮೆತ್ತೆ. ಮುಂದೆ ಇಲಾಸ್ಟಿಕ್ ಪಟ್ಟಿ. ಹಿಮ್ಮಡಿ ಹಿಂದೆ ಇಟ್ಟು, ಮುಂಗಾಲನ್ನು ಪಟ್ಟಿಯೊಳಗೆ ತೂರಿಸಿ, ಮಂಡಿಯನ್ನು ನಿಧಾನಕ್ಕೆ ನೆಟ್ಟಗೆ ಮಾಡಿದರೆ ಪಾದ ತಾನಾಗೇ ಬಾಗುತ್ತದೆ.

ಮಹಡಿ ಮೇಲಿನ ಕೋಣೆಯಲ್ಲಿ ಇಟ್ಟಿದ್ದೆವು. ಏಪ್ರಿಲ್ ಬಿಸಿಲಿಗೆ ಮೆತ್ತೆಯ ಗಮ್ ಬಿಟ್ಟಿತು, ಇಲಾಸ್ಟಿಕ್ ಸಡಿಲವಾಯಿತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲವಲ್ಲ, ಕೌಲ್ ಬಜಾರ್ ಕಡೆಯ ಒಬ್ಬ ಟೈಲರ್ ಹತ್ತಿರ ಕೊಟ್ಟೆ. ಅವರು ಜೀನ್ಸ್ ಬಟ್ಟೆಯನ್ನೇ ಎರಡು ಮಡಿಕೆ ಮಾಡಿ, ಸೊಂಟಪಟ್ಟಿ ಹೊಲಿದ ಹಾಗೆ ಗಟ್ಟಿಯಾಗಿ ಹೊಲಿದುಕೊಟ್ಟರು. ಚೆನ್ನಾಗಿ ಹಿಡಿಯುತ್ತದೆ ಅಂತ ನಮಗೂ ಖುಷಿಯಾಯಿತು.

ಈಗ ಹತ್ತು ದಿನದಿಂದ ಎಡಗಾಲಿನ ಹೆಬ್ಬೆರಳು, ಪಕ್ಕದ ಬೆರಳು ಜೋಮು ಹಿಡಿಯುತ್ತಿವೆ. ಪಾದದ ಮೇಲೆ ಕೆಂಪು ಗೆರೆ. ಅದರ ಜೊತೆಗೆ ಕಾಲು ಚಾಚಿದಾಗ ಹಿಮ್ಮಡಿ ಮೇಲೆ, ಹರಡಿನ (ಪಾದ ಕಾಲಿಗೆ ಕೂಡುವ ಕೀಲಿನ) ಹಿಂದೆ ನೋವು ಅನ್ನುತ್ತಾಳೆ. ದಿನಾ ಟಿವಿ ನೋಡುತ್ತಾ ಒಂದೊಂದು ಕಾಲಿಗೆ 15 ನಿಮಿಷ ಹಾಕಿಕೊಳ್ಳುತ್ತಾಳೆ. ಮೂರು ತಿಂಗಳಾದರೂ ಟೀಚರ್‌ಗೆ ಏನೂ ವ್ಯತ್ಯಾಸ ಕಾಣುತ್ತಿಲ್ಲವಂತೆ. ಪಟ್ಟಿಯದೇ ತೊಂದರೆಯಾ? ಎಷ್ಟು ಅಗಲದ ಇಲಾಸ್ಟಿಕ್ ಹಾಕಿಸಲಿ?

ರಾಯಚೂರು_ಮಾವ

ಅಕ್ಕ, ನನ್ನ ಅಕ್ಕನ ಮಗಳೂ ಕಲಿಯುತ್ತಾಳೆ. ಅವಳಿಗೆ ಸ್ಟ್ರೆಚರ್ ಇಲ್ಲ. ಸೋಫಾ ಕೆಳಗೆ ಬೆರಳು ತೂರಿಸಿ ಮಂಡಿ ನೆಟ್ಟಗೆ ಮಾಡುತ್ತಾಳೆ. ಮೊದಮೊದಲು ನೋವಿತ್ತು, ಈಗ ರೂಢಿಯಾಗಿದೆ. ಜೀನ್ಸ್ ಪಟ್ಟಿ ಕೆಳಗೆ ಒಂದು ಮೆತ್ತನೆ ಟವೆಲ್ ಇಟ್ಟು ನೋಡಿ.

ಗಂಗಾವತಿ_ಫಿಸಿಯೋ

ಅಕ್ಕ, ಮೊದಲು ಸ್ಟ್ರೆಚರ್ ಎತ್ತಿ ಅಟ್ಟದ ಮೇಲೆ ಇಡಿ. ಟವೆಲ್ ಇಟ್ಟೂ ಬೇಡ. ಆಮೇಲೆ ಓದಿ.

ನಿಮ್ಮ ಮಗಳಿಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ಜೋಮು ಪಟ್ಟಿಯದು. ಹಿಂದಿನ ನೋವು ಪಟ್ಟಿಯದಲ್ಲ.

ಪಾದದ ಮೇಲೆ ಕೈಯಿಟ್ಟು ನೋಡಿ. ಅಲ್ಲಿ ಮಾಂಸ ತೀರಾ ಕಡಿಮೆ. ಚರ್ಮದ ಕೆಳಗೇ ನರ, ಅದರ ಕೆಳಗೆ ಎಲುಬು. ಇಲಾಸ್ಟಿಕ್ ಆದರೆ ಒತ್ತಡ ಜಾಸ್ತಿಯಾದಾಗ ಹಿಗ್ಗಿ ಬಿಟ್ಟುಕೊಡುತ್ತದೆ. ಜೀನ್ಸ್ ಹಿಗ್ಗುವುದಿಲ್ಲ. ಮಂಡಿ ನೆಟ್ಟಗೆ ಮಾಡುವಾಗ ಇಡೀ ಕಾಲು ಹಾರೆ ಹಾಕಿ ಮೀಟಿದ ಹಾಗೆ ಕೆಲಸ ಮಾಡುತ್ತದೆ. ಆ ಬಲವೆಲ್ಲ ನರದ ಮೇಲೆ ಬೀಳುತ್ತದೆ. ಟೈಲರ್ ಅವರ ತಪ್ಪೇನಿಲ್ಲ, ಗಟ್ಟಿ ಇರಲಿ ಅಂತಲೇ ಹೊಲಿದಿದ್ದಾರೆ. ಪಟ್ಟಿ ತೆಗೆದರೆ ಜೋಮು ಕೆಲವು ದಿನದಲ್ಲಿ ಹೋಗಬೇಕು. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಹಿಂದಿನ ನೋವು. ನನಗೆ ಜಾಸ್ತಿ ಚಿಂತೆ ಆಗಿರುವುದು ಇದರದೇ. ಕೆಳಗಾಲಿನ (ಮಂಡಿಯಿಂದ ಹರಡಿನವರೆಗಿನ ಭಾಗದ) ಎಲುಬಿನ ತುದಿ ಮೇಲೆ, ಹಿಮ್ಮಡಿ ಎಲುಬು ಕೆಳಗೆ, ನಡುವೆ ಹರಡಿನ ಎಲುಬು. ಪಾದ ಚಾಚಿದಾಗ ಹಿಂದುಗಡೆ ಇವು ಅಡಕತ್ತರಿ ಮುಚ್ಚಿದ ಹಾಗೆ ಹತ್ತಿರ ಬರುತ್ತವೆ. ಹರಡಿನ ಎಲುಬಿನ ಹಿಂಭಾಗದಲ್ಲಿ ಸಣ್ಣ ತುಣುಕೊಂದು ಸುಮಾರು 8ರಿಂದ 13ರ ವಯಸ್ಸಿನಲ್ಲಿ ಬೇರೆಯಾಗಿ ಬೆಳೆಯುತ್ತದೆ. ಹೆಚ್ಚಿನವರಲ್ಲಿ ಅದು ಆಮೇಲೆ ದೊಡ್ಡ ಎಲುಬಿಗೇ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಕೂಡುವುದಿಲ್ಲ, ಬಿಡಿಯಾಗೇ ಉಳಿಯುತ್ತದೆ. ಅದಕ್ಕೆ ಓಸ್ ಟ್ರೈಗೋನಮ್ ಅನ್ನುತ್ತಾರೆ. ಅದಿದ್ದರೂ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದರೆ ದಿನಾ ಪಾದ ಚಾಚುವವರಲ್ಲಿ ಅದು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಒತ್ತಿಕೊಳ್ಳುತ್ತದೆ. ಬ್ಯಾಲೆಯವರಲ್ಲಿ ಇದು ಹೊಸದೇನಲ್ಲ. ಅಲ್ಲೇ ಪಕ್ಕದಲ್ಲಿ ಹೆಬ್ಬೆರಳನ್ನು ಬಗ್ಗಿಸುವ ಸ್ನಾಯುವಿನ ಹುರಿಯೂ ಹಾದುಹೋಗುತ್ತದೆ. ಅದು ಊದಿಕೊಂಡರೂ ನೋವು ಅದೇ ಜಾಗದಲ್ಲಿ ಬರುತ್ತದೆ.

ಯಾವುದೇ ಆಗಿರಲಿ, ಸ್ಟ್ರೆಚರ್ ಮಾಡುವುದು ಅಡಕತ್ತರಿಯನ್ನು ಇನ್ನಷ್ಟು ಮುಚ್ಚುವ ಕೆಲಸವನ್ನೇ.

ಮಾವನವರೇ, ನಿಮಗೂ ಕೈಮುಗಿದು ಹೇಳುತ್ತೇನೆ, ಸೋಫಾ ಬಿಡಿಸಿ. ಸ್ಟ್ರೆಚರ್‌ನಲ್ಲಿ ಇಲಾಸ್ಟಿಕ್ ಆದರೂ ಇರುತ್ತದೆ, ಸೋಫಾ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಮೆದುವಾಗಿರುತ್ತವೆ. ನೋವು ರೂಢಿಯಾಯಿತು ಅಂದರೆ ವಾಸಿಯಾಯಿತು ಅಂತ ಅಲ್ಲ.

ಅಕ್ಕ, ನಾಲ್ಕು ವಿಷಯ ನೋಡಿ ಹೇಳಿ. ಒಂದು, ಅವಳು ಕಾಲು ಸಡಿಲ ಬಿಟ್ಟಿರಲಿ, ನೀವೇ ಕೈಯಿಂದ ಮೆಲ್ಲಗೆ ಪಾದ ಕೆಳಕ್ಕೆ ಒತ್ತಿ. ಆಗಲೂ ಹಿಂದೆ ನೋಯುತ್ತದಾ? ಎರಡು, ಕಾಲು ಚಾಚಿಸಿ, ಪಾದ ಶುರುವಾಗುವಲ್ಲಿ ಹರಡಿನ ಮೇಲೆ ಪೆನ್ಸಿಲ್ ಉದ್ದಕ್ಕೆ ಇಡಿ. ಪೆನ್ಸಿಲ್ ಕೆಳಗಾಲಿನ ಮುಂದಿನ ಎಲುಬಿಗೆ ತಾಗದೆ ನೇರ ಕೂತರೆ ಪಾದ 90 ಡಿಗ್ರಿ ಬಾಗುತ್ತದೆ ಅಂತ ಲೆಕ್ಕ. ಬೆರಳ ತುದಿ ಮೇಲೆ ನಿಲ್ಲಲು ಅಷ್ಟು ಬೇಕು. ಮೂರು, ಸ್ಟಿಕ್ಕರ್ ಬಿಂದಿ ಇದೆಯಲ್ಲ, ಅದನ್ನು ಮೂರು ಕಡೆ ಅಂಟಿಸಿ: ಕೆಳಗಾಲಿನ ಮೇಲೆ, ಹರಡಿನ ಗಂಟಿಗೆ, ಹೆಬ್ಬೆರಳಿನ ಬುಡಕ್ಕೆ. ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಮೂರು ತಿಂಗಳ ಹಿಂದಿನ ಕ್ಲಾಸಿನ ವಿಡಿಯೋ ಇದ್ದರೆ ಅದರ ಪಕ್ಕಕ್ಕಿಟ್ಟು, ಬಾಗು ಎಲ್ಲಿ ಹೆಚ್ಚಾಗಿದೆ ನೋಡಿ. ನಾಲ್ಕು, ಒಂಟಿ ಕಾಲಲ್ಲಿ ನಿಂತು, ಮಂಡಿ ಬಗ್ಗಿಸದೆ, ಹಿಮ್ಮಡಿ ಪೂರ್ತಿ ಎತ್ತಿ ಇಳಿಸಲಿ. ಎಷ್ಟು ಸಲ ಆಗುತ್ತದೆ ಎಣಿಸಿ. ನಾಲ್ಕನೆಯದನ್ನು ನೋವಿಲ್ಲದಿದ್ದರೆ ಮಾತ್ರ ಮಾಡಿಸಿ.

ಬಳ್ಳಾರಿ_ಅಮ್ಮ

ನಿನ್ನೆ ಸಂಜೆ ಎಲ್ಲ ಮಾಡಿದೆವು. ಕೈಯಿಂದ ಒತ್ತಿದಾಗ ಬಲಗಾಲು ನೋಯಲಿಲ್ಲ. ಎಡಗಾಲು "ಹಿಂದೆ ಏನೋ ಸಿಕ್ಕಿಕೊಂಡ ಹಾಗಿದೆ ಅಮ್ಮ" ಅಂದಳು. ಪೆನ್ಸಿಲ್ ಎರಡೂ ಕಾಲಲ್ಲಿ ಮುಂದಿನ ಎಲುಬಿಗೆ ತಾಗುತ್ತದೆ, ಎಡಗಾಲಲ್ಲಿ ಜಾಸ್ತಿ. ಬಿಂದಿ ಫೋಟೋ ನೋಡಿ ನನಗೇ ಆಶ್ಚರ್ಯವಾಯಿತು. ಹರಡಿನ ಹತ್ತಿರ ಒಂಚೂರೂ ಬದಲಾಗಿಲ್ಲ. ಹೊಸದಾಗಿ ಬಾಗಿರುವುದೆಲ್ಲ ಪಾದದ ನಡುವೆ, ಬೆರಳಿನ ಹತ್ತಿರ. ಬೆರಳು ಬೇರೆ ಮುದುಡಿಕೊಂಡಿವೆ.

ಹಿಮ್ಮಡಿ ಎತ್ತುವುದು ಬಲಗಾಲಲ್ಲಿ 14. ಎಡಗಾಲಲ್ಲಿ 9, ಅಷ್ಟರಲ್ಲೇ ಪಾದ ಹೊರಕ್ಕೆ ವಾಲಿತು. ನೋವಿರಲಿಲ್ಲ, ಬರೀ ನಡುಕ. ಇನ್ನೊಂದು ವಿಷಯ. ಸ್ನಾನ ಮಾಡಿ ಬಂದು ಶಹಾಬಾದ್ ಕಲ್ಲಿನ ಮೇಲೆ ನಡೆದಳು, ಹೆಜ್ಜೆ ಗುರುತು ನೋಡಿದೆ. ಹಿಮ್ಮಡಿ ಒಂದು ಕಡೆ, ಮುಂಗಾಲು ಒಂದು ಕಡೆ, ನಡುವೆ ತೆಳ್ಳಗೆ ಒಂದು ಗೆರೆ. ಕಮಾನು ಇವಳಿಗೆ ಮೊದಲಿಂದಲೇ ಇದೆ ಅಂತ ಆಯಿತಲ್ವಾ?

ಗಂಗಾವತಿ_ಫಿಸಿಯೋ

ಹೌದು ಅಕ್ಕ. ಇದ್ದ ಕಮಾನನ್ನೇ ಬೆಳೆಸಲು ಹೊರಟು ಕಾಲು ನೋಯಿಸಿಕೊಂಡಿದ್ದಾಳೆ ಪಾಪ.

ಬ್ಯಾಲೆಯಲ್ಲಿ ಕಾಣುವ ಆ ಬಿಲ್ಲು ಮುಖ್ಯವಾಗಿ ಬರುವುದು ಹರಡಿನಿಂದ. ಮಾಮೂಲಿ ಜನರಿಗೆ ಹರಡು ಸುಮಾರು 50 ಡಿಗ್ರಿ ಕೆಳಕ್ಕೆ ಬಾಗುತ್ತದೆ, ಬ್ಯಾಲೆಯವರಿಗೆ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ಮುಂದುಗಡೆ ಬಿಗಿದು ಬಾಗದಿದ್ದರೆ ಸ್ಟ್ರೆಚ್ ಮಾಡಿ ಸ್ವಲ್ಪ ಬಿಡಿಸಬಹುದು. ಹಿಂದುಗಡೆ ಎಲುಬಿಗೆ ಎಲುಬು ತಾಗಿ ನಿಂತಿದ್ದರೆ ಯಾವ ಹಲಗೆಯೂ ಅದನ್ನು ಬದಲಿಸಲಾರದು. ಹರಡು ಬಾಗದಿದ್ದಾಗ ಬಲವೆಲ್ಲ ಪಾದದ ನಡುವಿನ ಸಣ್ಣ ಕೀಲುಗಳಿಗೆ ಹೋಗುತ್ತದೆ. ನಿಮ್ಮ ಬಿಂದಿ ಫೋಟೋದಲ್ಲಿ ಕಂಡದ್ದು ಅದೇ. ಅಲ್ಲಿ ಎಲುಬುಗಳನ್ನು ಕಟ್ಟಿ ಹಿಡಿದಿರುವ ಪಟ್ಟಿಗಳು ಒಮ್ಮೆ ಎಳೆದು ಉದ್ದವಾದರೆ ಸುಲಭಕ್ಕೆ ಮೊದಲಿನಂತಾಗುವುದಿಲ್ಲ. ನಾಳೆ ಬೆರಳ ಮೇಲೆ ನಿಂತಾಗ ಮೈಭಾರವನ್ನೆಲ್ಲ ಹಿಡಿಯಬೇಕಾದವು ಅವೇ.

ಎಡಗಾಲನ್ನು ಎಲುಬಿನ ಡಾಕ್ಟರಿಗೆ ತೋರಿಸಿ. ಪಾದ ಚಾಚಿದಾಗ ಹಿಂದೆ ನೋವು ಅಂತ ಬಿಡಿಸಿ ಹೇಳಿ, ಪಕ್ಕದಿಂದ ಒಂದು ಎಕ್ಸ್‌ರೇ ಬೇಕಾಗಬಹುದು. ಬರೀ ಕಾಲು ನೋವು ಅಂದರೆ ಮಾತ್ರೆ ಬರೆದು ಕಳಿಸಿಬಿಡುತ್ತಾರೆ.

ಡಾಕ್ಟರ್ ಒಪ್ಪಿದ ಮೇಲೆ ಬಲ ಬರಿಸುವ ಕೆಲಸ. ರಬ್ಬರ್ ಬ್ಯಾಂಡನ್ನು ಮುಂಗಾಲಿಗೆ ಹಾಕಿ ಮೊದಲು ಹರಡು ಚಾಚಲಿ, ಕೊನೆಗೆ ಬೆರಳು. ವಾಪಸ್ ಬರುವಾಗ ಮೊದಲು ಬೆರಳು, ಆಮೇಲೆ ಹರಡು. ನಿಧಾನವಾಗಿ. ಪಾದ ಒಳಕ್ಕೆ ಕುಡುಗೋಲಿನ ಹಾಗೆ ತಿರುಗಬಾರದು. ಇನ್ನೊಂದು, ಪಾದ ನೆಲದ ಮೇಲಿಟ್ಟು, ಬೆರಳು ಮುದುಡದೆ ಉದ್ದ ಬಿಟ್ಟು, ಅಂಗಾಲಿನ ಗುಳಿಯನ್ನಷ್ಟೇ ಮೇಲಕ್ಕೆ ಎಳೆದುಕೊಳ್ಳುವುದು. ಮೊದಲ ವಾರ ಏನೂ ಅಲುಗುವುದಿಲ್ಲ, ಅಂಗಾಲು ಹಿಡಿದುಕೊಳ್ಳುತ್ತದೆ. ಹೆದರಬೇಡಿ, ಕೆಲಸ ಮಾಡದ ಸ್ನಾಯು ಏಳುತ್ತಿದೆ ಅಷ್ಟೇ. ಆಮೇಲೆ ಹಿಮ್ಮಡಿ ಎತ್ತುವುದು. ಒಂಟಿ ಕಾಲಲ್ಲಿ ವಾಲದೆ 20 ದಾಟಬೇಕು. ಬೆರಳ ತುದಿ ಮೇಲೆ ಕುಣಿಯಲು ಹಾಕುವ ಪಾಯಿಂಟ್ ಶೂ ಕೊಡುವ ಮೊದಲು ಹಲವರು ನೋಡುವುದೂ ಇದನ್ನೇ.

ಅವಳಿಗೆ ಇದನ್ನು ಹೇಳಿ. 1832ರಲ್ಲಿ ಪ್ಯಾರಿಸ್‌ನಲ್ಲಿ ಮರೀ ಟ್ಯಾಗ್ಲಿಯೋನಿ ಬೆರಳ ತುದಿ ಮೇಲೆ ಕುಣಿದಾಗ ಅವರ ಶೂ ಒಳಗೆ ಈಗಿನ ಗಟ್ಟಿ ಡಬ್ಬಿ ಇರಲಿಲ್ಲ. ಮೆತ್ತನೆ ಸ್ಯಾಟಿನ್ ಚಪ್ಪಲಿ, ಅಂಚಿಗೆ ದಾರದ ಹೊಲಿಗೆ ಅಷ್ಟೇ. ಅವರನ್ನು ನಿಲ್ಲಿಸಿದ್ದು ಮೀನಖಂಡ ಮತ್ತು ಅಂಗಾಲಿನ ಬಲ.

ಸಿಂಧನೂರು_ನಾಟ್ಯ

ನಾನು ಭರತನಾಟ್ಯ ಕಲಿಸುತ್ತೇನೆ, ಬ್ಯಾಲೆ ಗೊತ್ತಿಲ್ಲ. ಆದರೆ ಪಾದದ ವಿಷಯ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಕುದಿತ್ತು ಮೆಟ್ಟಡವು ಅಂತ ಒಂದು ಹೆಜ್ಜೆ ಇದೆ. ಮುಂಗಾಲ ಮೇಲೆ ನೆಗೆದು, ಆಮೇಲೆ ಹಿಮ್ಮಡಿ ತಟ್ಟಬೇಕು. ಮೂರನೇ ಕಾಲಕ್ಕೆ, ಅಂದರೆ ಜೋರು ವೇಗಕ್ಕೆ ಹೋದಾಗ ಯಾರ ಮೀನಖಂಡದಲ್ಲಿ ಬಲವಿಲ್ಲ ಅನ್ನುವುದು ಸದ್ದಿನಲ್ಲೇ ಗೊತ್ತಾಗುತ್ತದೆ. ಪಾದ ಎಷ್ಟು ಚಂದ ಬಾಗುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇನ್ನೊಂದು ಮಾತು. ನಮ್ಮ ಕಡೆ ಬಿಸಿಲಿದೆ, ಮೈ ಬೆಚ್ಚಗೇ ಇದೆ ಅಂತ ಮಕ್ಕಳು ನೇರ ಸ್ಟ್ರೆಚ್‌ಗೆ ಕೂರುತ್ತಾರೆ. ಹೊರಗಿನ ಸೆಕೆಗೆ ಸ್ನಾಯು ಸಿದ್ಧವಾಗುವುದಿಲ್ಲ. ಹತ್ತು ನಿಮಿಷ ಕುಣಿದು ಬೆವರಲಿ, ಆಮೇಲೆ.

ಬಳ್ಳಾರಿ_ಅಮ್ಮ

ಏಳು ವಾರದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಎಕ್ಸ್‌ರೇಯಲ್ಲಿ ಎಡಗಾಲ ಹಿಂದೆ ಹೆಸರುಕಾಳಿಗಿಂತ ತುಸು ದೊಡ್ಡ ಬಿಡಿ ಎಲುಬು ಕಂಡಿತು. ಆಪರೇಷನ್ ಮಾತೇ ಇಲ್ಲ ಅಂದರು. ನಾಲ್ಕು ವಾರ ಪಾದ ಪೂರ್ತಿ ಚಾಚಬಾರದು, ನೆಗೆಯಬಾರದು ಅಂದರು. ಟೀಚರ್‌ಗೂ ಹೇಳಿದೆವು. ಅವರು ಕೈ, ಬೆನ್ನು, ತೊಡೆಯ ಅಭ್ಯಾಸವನ್ನಷ್ಟೇ ಮಾಡಿಸಿದರು. ಜೋಮು ಒಂದು ವಾರದಲ್ಲೇ ಹೋಗಿತ್ತು. ಹಿಂದಿನ ನೋವು ಈಗಿಲ್ಲ. ಮೂರು ವಾರದಿಂದ ಬ್ಯಾಂಡು, ಅಂಗಾಲಿನ ವ್ಯಾಯಾಮ, ಹಿಮ್ಮಡಿ ಎತ್ತುವುದು. ನಿನ್ನೆ ಬಲಗಾಲು 19, ಎಡಗಾಲು 15. ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ, ನಾನೂ ಅಳಿಸಲು ಹೋಗಿಲ್ಲ. ಪಾದ ಮೊದಲಿನಷ್ಟೇ ಬಾಗುತ್ತದೆ, ಆದರೆ ಬೆರಳು ಮುದುಡುವುದು ನಿಂತಿದೆ. ಕಾಲು ಚಾಚಿದಾಗಿನ ಗೆರೆ ಉದ್ದ ಕಾಣುತ್ತಿದೆ ಅಂದರು ಟೀಚರ್.

ಆ ಟೈಲರ್ ಜೀನ್ಸ್ ಪಟ್ಟಿ ಬಿಚ್ಚಿ ಎರಡು ಇಂಚಿನ ಇಲಾಸ್ಟಿಕ್ ಹಾಕಿಕೊಟ್ಟಿದ್ದಾರೆ, ದುಡ್ಡು ತೆಗೆದುಕೊಳ್ಳಲಿಲ್ಲ. ಬಲಗಾಲಿಗಾದರೂ ಹಾಕಿಕೊಳ್ಳಬಹುದಾ ಅಂತ ದಿನಾ ಕೇಳುತ್ತಾಳೆ.

ಗಂಗಾವತಿ_ಫಿಸಿಯೋ

ಎಡಗಾಲಿಗೆ ಬೇಡವೇ ಬೇಡ. ಬಲಗಾಲು 20 ದಾಟಲಿ, ಡಾಕ್ಟರನ್ನೂ ಟೀಚರನ್ನೂ ಒಮ್ಮೆ ಕೇಳಿ. ಅವರು ಹೂಂ ಅಂದರೆ ಕ್ಲಾಸ್ ಮುಗಿದ ಮೇಲೆ ಮಾತ್ರ, 20 ಸೆಕೆಂಡು, ಎರಡೇ ಸಲ. ಕಮಾನಿನ ಎತ್ತರದ ಭಾಗ ಅಂಗಾಲಿನ ಗುಳಿಗೆ ಸರಿಯಾಗಿ ಬರಬೇಕು. ಪಟ್ಟಿ ಬೆರಳ ತುದಿಗಲ್ಲ, ಮುಂಗಾಲಿಗೆ. ಮಂಡಿ ಕೆಳಗೆ ಟವೆಲ್ ಸುತ್ತಿಡಿ, ಇಲ್ಲದಿದ್ದರೆ ಮಂಡಿ ಹಿಂದಕ್ಕೆ ಬಾಗುತ್ತದೆ. ಟಿವಿ ಮುಂದೆ ಬೇಡ, ನೀವು ಪಕ್ಕದಲ್ಲಿ ಕೂತಿರಿ. ಮತ್ತೆ ಅದನ್ನು ಮಹಡಿ ಕೋಣೆಯಲ್ಲಿ ಇಡಬೇಡಿ, ಮುಂದಿನ ಏಪ್ರಿಲ್‌ಗೆ ಈ ಇಲಾಸ್ಟಿಕ್ಕೂ ಸಡಿಲವಾಗುತ್ತದೆ.