‘ಎ ಕ್ರಿಸ್ಮಸ್ ಕ್ಯಾರಲ್’ನಲ್ಲಿ ಕಾಣುವ ಬಡತನ

ಪ್ರಶ್ನೆ: ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ಈ ಕಥೆಯನ್ನು ಪದವಿ ತರಗತಿಯಲ್ಲಿ ಪಾಠ ಮಾಡುತ್ತಿದ್ದೇನೆ. ವಿದ್ಯಾರ್ಥಿಗಳು ಇದನ್ನು ಕೇವಲ ಜಿಪುಣನೊಬ್ಬನ ಮನಃಪರಿವರ್ತನೆಯೆಂದು ಓದುತ್ತಾರೆ. ಅಂದಿನ ಇಂಗ್ಲೆಂಡಿನ ಬಡತನವನ್ನು ಪಠ್ಯದಿಂದಲೇ ತೋರಿಸುವುದು ಹೇಗೆ?

ಉತ್ತರ 1: ದಯವಿಟ್ಟು ಕಥೆಯ ಜಿಪುಣ ಸ್ಕ್ರೂಜ್‌ನ ಗುಮಾಸ್ತನಾದ ಕ್ರ್ಯಾಚಿಟ್ ಮನೆಯ ಹಬ್ಬದೂಟದಿಂದ ಆರಂಭಿಸಿ. ವಾರಕ್ಕೆ 15 ಶಿಲ್ಲಿಂಗ್ ಸಂಬಳದ ಗುಮಾಸ್ತನ ಕುಟುಂಬವು ಹೆಬ್ಬಾತನ್ನು ಬೇಕರಿಯ ಒಲೆಯಲ್ಲಿ ಬೇಯಿಸಿ ತರುತ್ತದೆ. ಪುಡಿಂಗ್ ಬೇಯುವುದು ಬಟ್ಟೆ ಒಗೆಯುವ ಹಂಡೆಯಲ್ಲಿ, ಅದನ್ನು ಸುತ್ತಿದ ಬಟ್ಟೆಯಿಂದಾಗಿ ಹಬೆಗೂ ಒಗೆತದ ವಾಸನೆಯೇ ಇರುತ್ತದೆ. ಅಷ್ಟು ಜನಕ್ಕೆ ಆ ಪುಡಿಂಗ್ ಚಿಕ್ಕದೆಂದು ಮನೆಯವರಲ್ಲಿ ಒಬ್ಬರೂ ಬಾಯಿಬಿಡುವುದಿಲ್ಲ. ಇಡೀ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಪ್ರೇತಗಳಲ್ಲ, ಈ ಮೌನ.

ಉತ್ತರ 2: ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಇದರೊಡನೆ, ದಾನ ಕೇಳಲು ಬಂದವರನ್ನು ಸ್ಕ್ರೂಜ್ ‘ಸೆರೆಮನೆಗಳಿಲ್ಲವೇ, ಬಡವರ ದುಡಿಮೆಮನೆಗಳಿಲ್ಲವೇ’ ಎಂಬರ್ಥದಲ್ಲಿ ಪ್ರಶ್ನಿಸುವ ಭಾಗವನ್ನು 1834ರ ಬಡವರ ಕಾಯ್ದೆಯ (ನೆರವು ಬೇಕಾದ ಬಡವರನ್ನು ದುಡಿಮೆಮನೆಗೆ ಸೇರಿಸುವ ಕಾನೂನು) ಹಿನ್ನೆಲೆಯಲ್ಲಿ ಓದಿಸಿ. ಬಾಲಕಾರ್ಮಿಕರ ಕುರಿತ ಸರ್ಕಾರಿ ವರದಿಯಿಂದ ಕಳವಳಗೊಂಡ ಡಿಕನ್ಸ್ ಮೊದಲು ಕರಪತ್ರವೊಂದನ್ನು ಬರೆಯಲು ಯೋಚಿಸಿ, ಬಳಿಕ ಅದನ್ನು ಬಿಟ್ಟು ಈ ಕಥೆಯನ್ನು ಕೈಗೆತ್ತಿಕೊಂಡರು.

ಉತ್ತರ 3: ರಂಗರೂಪಗಳನ್ನೂ ಮರೆಯಬೇಡಿ, 1844ರ ಫೆಬ್ರವರಿಯಲ್ಲೇ ಲಂಡನ್ನಿನ ವೇದಿಕೆಗಳಿಗೆ ಈ ಕಥೆ ಬಂದಿತ್ತು.