ಸಹಾಯ ಬೇಕು: ಒನ್‌ಪ್ಲಸ್ 15ರ ನಂತರದ ಫೋನಿಗೆ ಕಾಯಬೇಕೇ?

ಬಲ್ಲವರು ದಯವಿಟ್ಟು ತಿಳಿಸಿ. ಶಿಲಾಶಾಸನಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಸವೆದ ಅಕ್ಷರಗಳು ನಡುಹಗಲ ಬೆಳಕಿನಲ್ಲಿ ಕಾಣುವುದೇ ಕಷ್ಟ. ಕತ್ತಲಾದ ಮೇಲೆ ಕಲ್ಲಿನ ಪಕ್ಕದಿಂದ ಟಾರ್ಚ್ ಹಿಡಿದರೆ ನೆರಳು ಬಿದ್ದು ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಹಾಗಾಗಿ ಮಂದ ಬೆಳಕಿನಲ್ಲಿ ಕೈಕೊಡದ ಕ್ಯಾಮೆರಾ ನನಗೆ ಎಲ್ಲಕ್ಕಿಂತ ಮುಖ್ಯ.

ಒನ್‌ಪ್ಲಸ್ 13 ಆದ ಮೇಲೆ 14 ಬಿಟ್ಟು ನೇರ 15 ಬಂತು. 2017ರಲ್ಲೂ 3ಟಿ ನಂತರ 4 ಬಿಟ್ಟು 5 ಬಂದಿತ್ತು. ಈ ಸಲ ಬ್ಯಾಟರಿ 6000ದಿಂದ 7300 ಎಂಎಎಚ್‌ಗೆ ಏರಿದ್ದು ಸಂತೋಷವೇ. ಆದರೆ ಮುಖ್ಯ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಭಾಗವಾದ ಸೆನ್ಸರ್ ಚಿಕ್ಕದಾಯಿತು, ಪರದೆಯ ರೆಸಲ್ಯೂಶನ್ ಇಳಿಯಿತು. ಸೆಕೆಂಡಿಗೆ 165 ಸಲದವರೆಗೆ ಚಿತ್ರ ಬದಲಿಸುವ 165 ಹರ್ಟ್ಸ್ ಪರದೆ ಫೋನಿನಲ್ಲಿ ಆಟವಾಡುವವರಿಗೆ ಹಿತ; ಶಾಸನ ಓದುವವರಿಗೆ ಅದರಿಂದ ಏನು ಪ್ರಯೋಜನ?

ಮುಂದಿನದಕ್ಕೆ 16 ಎಂದೇ ಹೆಸರಿಡುತ್ತಾರೆಯೇ? ಅಥವಾ ನಡುವೆ 3ಟಿಯಂತೆ ‘ಟಿ’ ಮಾದರಿ ಬರಬಹುದೇ? ಹೆಸರು ಏನಾದರೂ ಇರಲಿ, ದೊಡ್ಡ ಸೆನ್ಸರ್ ಮರಳುವ ಸೂಚನೆಯನ್ನು ಯಾರಾದರೂ ನಂಬಬಹುದಾದ ಕಡೆ ಕಂಡಿದ್ದರೆ ಹೇಳಿ, ಕಾಯುತ್ತೇನೆ. ಇಲ್ಲವಾದರೆ 13ನ್ನೇ ಕೊಳ್ಳುವ ಯೋಚನೆಯಿದೆ. 13 ಮತ್ತು 15 ಎರಡರಲ್ಲೂ ರಾತ್ರಿ ಚಿತ್ರ ತೆಗೆದವರಿದ್ದರೆ, ಒಂದೇ ವಸ್ತುವಿನ ಎರಡು ಚಿತ್ರಗಳನ್ನು ಇಲ್ಲಿ ಹಾಕುವಿರಾ?