ಎಂಬ್ರಿಯಾಲಾಜಿಕಲ್ ಹೌಸ್ ತರಹದ ಮನೆ: ಒಳಗೆ ಹೇಗನ್ನಿಸುತ್ತೆ ಅಂತ ಕಟ್ಟುವ ಮೊದಲೇ ತಿಳಿಯೋದು ಹೇಗೆ?

ಗೆರೆಗೀಟು:
ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಒಂದು ಸಣ್ಣ ಪ್ರಾಯೋಗಿಕ ಮನೆ ತೆಗೆದುಕೊಂಡಿದ್ದೇನೆ. ಅಮೆರಿಕದ ಆರ್ಕಿಟೆಕ್ಟ್ ಗ್ರೆಗ್ ಲಿನ್ ಅವರ ಎಂಬ್ರಿಯಾಲಾಜಿಕಲ್ ಹೌಸ್ (ಕಂಪ್ಯೂಟರಿನಲ್ಲಿ ರೂಪಿಸಿದ ಬಾಗು ಮನೆಗಳ ಸರಣಿ) ನನಗೆ ತುಂಬಾ ಹಿಡಿಸಿದೆ. ಅದೇ ದಾರಿಯಲ್ಲಿ ಗ್ರಾಸ್‌ಹಾಪರ್ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ ಒಂದು ಚಿಪ್ಪು, ಅಂದರೆ ಗೋಡೆ-ಚಾವಣಿ ಒಂದೇ ಆದ ಬಾಗು ಕವಚ, ಮಾಡಿಕೊಂಡಿದ್ದೇನೆ. ಅಳತೆ ಬದಲಿಸುವ ಸ್ಲೈಡರ್ ಎಳೆದ ಹಾಗೆಲ್ಲ ಹೊಸ ಮನೆ ಬರುತ್ತದೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಇಷ್ಟರಲ್ಲಿ ಯಾವುದನ್ನು ಆರಿಸಲಿ? ಒಳಗೆ ನಿಂತವರಿಗೆ ಏನನ್ನಿಸುತ್ತದೆ ಅಂತ ಈಗಲೇ ತಿಳಿಯಲು ಏನು ಮಾಡಬೇಕು? ನಿಜವಾಗಿ ಕಟ್ಟಿರುವ ಮನೆಗಳಿದ್ದರೆ ಅದನ್ನೂ ಹೇಳಿ.

ರಟ್ಟುಕತ್ತರಿ:
ನಾನು ಮಾಡೆಲ್ ಮಾಡುವವಳು. ಇಂಥ ಬಾಗು ಚಿಪ್ಪುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಮೊದಲು ಲಿನ್ ಮಾಡಿದ್ದನ್ನು ಹತ್ತಿರದಿಂದ ನೋಡಿ. 1997ರಲ್ಲಿ ಶುರುವಾದ ಆ ಕೆಲಸದಲ್ಲಿ ಚಿಪ್ಪಿಗೆ 2,048 ಫಲಕ, 9 ಉಕ್ಕಿನ ಫ್ರೇಮು, 72 ಅಲ್ಯೂಮಿನಿಯಂ ಸ್ಟ್ರಟ್ (ಆಧಾರದ ಕಡ್ಡಿ). ಯಾವ ಮನೆ ತೆಗೆದುಕೊಂಡರೂ ಲೆಕ್ಕ ಅಷ್ಟೇ. ಪ್ರತಿ ತುಂಡಿನ ಅಳತೆ, ಆಕಾರ ಬೇರೆ. ಒಂದು ಕಡೆ ತಗ್ಗು ಬಿದ್ದರೆ ಉಳಿದವೆಲ್ಲ ಅದಕ್ಕೆ ಹೊಂದಿಕೊಳ್ಳುತ್ತವೆ. ಜೀವಶಾಸ್ತ್ರದಿಂದ ಅವರು ತಂದಿದ್ದು ಈ ನಿಯಮವನ್ನು. ‘ಇದೇ ಮೂಲ ಮನೆ’ ಅಂತ ಅವುಗಳಲ್ಲಿ ಒಂದೂ ಇಲ್ಲ. ಅದಕ್ಕೇ ಯಾವುದು ಒಳ್ಳೆಯದು ಅಂತ ಸ್ಲೈಡರ್ ಹೇಳೋದಿಲ್ಲ. ಆ ಮನೆಯನ್ನು ಯಾರೂ ಕಟ್ಟಲೂ ಇಲ್ಲ, ಹಾಗಾಗಿ ಒಳಗಿನ ಅನುಭವಕ್ಕೆ ಅದರಿಂದ ಉತ್ತರ ಸಿಗೋದು ಕಷ್ಟ.

ನೀವು ಮಾಡಬೇಕಾದ್ದು ಇಷ್ಟು. ಸಾಫ್ಟ್‌ವೇರಿನೊಳಗಿನ ಕ್ಯಾಮೆರಾವನ್ನು 1.5 ಮೀಟರ್ ಎತ್ತರಕ್ಕೆ ಇಟ್ಟು ಅಲ್ಲೇ ಲಾಕ್ ಮಾಡಿ. ಆಮೇಲೆ ಚಿಪ್ಪನ್ನು ನೆಲಕ್ಕೆ ಸಮನಾಗಿ ಮೂರು ಕಡೆ ಕತ್ತರಿಸಿ: ಪಾದದ ಮಟ್ಟ, ಕೂರುವ ಮಟ್ಟ, ಕಣ್ಣಿನ ಮಟ್ಟ. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಗೋಡೆ ಒಳಕ್ಕೆ ಬಾಗಿದ್ದರೆ ನೆಲದಲ್ಲಿ 3 ಮೀಟರ್ ಅಗಲವಿದ್ದ ಜಾಗ ಭುಜದ ಹತ್ತಿರ 2 ಮೀಟರ್ ಆಗಿರಬಹುದು. ಒಂದೇ ಪ್ಲಾನ್ ಬರೆದರೆ ಇದು ಗೊತ್ತೇ ಆಗಲ್ಲ. ನೆಲ ಗೋಡೆಯಾಗಿ ತಿರುಗುವ ಬಾಗನ್ನೂ ಬಿಡಬೇಡಿ. ಅಲ್ಲಿ ರೇಡಿಯಸ್ ಜಾಸ್ತಿಯಾದರೆ ಪಾದ ಓರೆಯಾಗುತ್ತದೆ, ಮಂಚ ಗೋಡೆಗೆ ತಾಗೋದಿಲ್ಲ. ಆ ಬಾಗನ್ನೇ ಎತ್ತರಿಸಿ ಕೂರುವ ಜಗಲಿ ಮಾಡಿದರೆ ಅದೇ ಮನೆಯ ಒಳ್ಳೆಯ ಜಾಗವಾಗುತ್ತದೆ.

ಬೆಳಕಿನ ವಿಷಯ ನನಗೆ ಇನ್ನೂ ಮುಖ್ಯ. ಚೌಕ ಕೋಣೆಯಲ್ಲಿ ಎರಡು ಗೋಡೆ ಸೇರುವ ಗೆರೆ ನೋಡಿ ಕಣ್ಣು ದೂರ ಅಳೆಯುತ್ತದೆ. ನಿಮ್ಮ ಮನೆಯಲ್ಲಿ ಆ ಗೆರೆಯೇ ಇಲ್ಲ. ಬಿಳಿ ಗೋಡೆಗೆ ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಬಿದ್ದರೆ ಗೋಡೆ ಎಷ್ಟು ದೂರ ಅಂತಲೇ ತಿಳಿಯಲ್ಲ. ಒಂದೇ ಪಕ್ಕದಿಂದ ಬೆಳಕು ಬಿಟ್ಟರೆ ಬಾಗು ಎದ್ದು ಕಾಣುತ್ತದೆ. 1:20 ಮಾಡೆಲ್ (ನಿಜದ ಅಳತೆಯ ಇಪ್ಪತ್ತರಲ್ಲಿ ಒಂದು) ಮಾಡಿ. ತಳದಲ್ಲಿ ತೂತು ಕೊರೆದು ಫೋನ್ ಕ್ಯಾಮೆರಾ ಒಳಗಿಡಿ, ಬಿಸಿಲಿಗೆ ಹಿಡಿದು ನಿಧಾನ ತಿರುಗಿಸಿ. ನೆರಳು ಗೋಡೆಯ ಮೇಲೆ ಹೇಗೆ ಜಾರುತ್ತದೆ ಅಂತ ಆಗ ಕಾಣುತ್ತದೆ. ಆರ್ಕಿಟೆಕ್ಟ್ ಫ್ರೆಡೆರಿಕ್ ಕೀಸ್ಲರ್ 1950ರ ಎಂಡ್‌ಲೆಸ್ ಹೌಸ್‌ನಲ್ಲಿ ಬಿಸಿಲಿನ ಬಣ್ಣ ನೋಡಿಯೇ ಹೊತ್ತು ತಿಳಿಯುವ ಹಾಗೆ ಮಾಡಬೇಕು ಅಂದುಕೊಂಡಿದ್ದರು. ಅದೂ ಕಟ್ಟಲಿಲ್ಲ, ಆದರೆ ಆ ಯೋಚನೆ ನನಗೆ ಇವತ್ತಿಗೂ ತುಂಬಾ ಇಷ್ಟ.

ಇನ್ನೊಂದು. ಪ್ರತಿ ಆವೃತ್ತಿಯ ಸ್ಲೈಡರ್ ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ. ಲಿನ್ ಅವರ ಫೈಲುಗಳು ಮಾಂಟ್ರಿಯಲ್‌ನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್‌ನಲ್ಲಿವೆ. ಹಳೆಯ ಸಾಫ್ಟ್‌ವೇರಿನ ಆ ಫೈಲುಗಳನ್ನು ಕಾಪಾಡುವುದೇ ಒಂದು ದೊಡ್ಡ ಕೆಲಸವಾಯಿತು.

ಮಣ್ಣುಗೋಡೆ:
ಕಟ್ಟಿದ್ದು ಬೇಕಿದ್ದರೆ ಆರ್ಕಿಟೆಕ್ಟ್ ಹಾವಿಯರ್ ಸೆನೋಸಿಯಾನ್ ಅವರ ಕಾಸಾ ಆರ್ಗಾನಿಕಾ ಮನೆ ನೋಡಿ. ಮೆಕ್ಸಿಕೋ ಸಿಟಿ ಪಕ್ಕದ ನೌಕಾಲ್ಪಾನ್‌ನಲ್ಲಿದೆ, 1980ರ ದಶಕದ್ದು, ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಮೆತ್ತಿದ್ದು). ಕಡಲೆಕಾಯಿ ಸಿಪ್ಪೆಯಿಂದ ಬಂದ ಯೋಚನೆ. ಎರಡು ಕಡೆ ಅಗಲವಾದ ಬೆಳಕಿನ ಜಾಗ, ನಡುವೆ ಇಕ್ಕಟ್ಟಾದ ಮಬ್ಬು ದಾರಿ. ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ, ಆದರೂ ನಿಮ್ಮ ಪ್ರಶ್ನೆಗೆ ಇದು ಜಾಸ್ತಿ ಹತ್ತಿರ.

ಡಿಜಿಟಲ್ ಅಂದರೆ ಇಟಲಿಯ ಮಾಸ್ಸಾ ಲೊಂಬಾರ್ಡಾದ ಟೆಕ್ಲಾ, 3ಡಿ ಪ್ರಿಂಟರಿನಿಂದ ಕಟ್ಟಿದ ಮನೆ, 2021. ಮಾರಿಯೋ ಕುಚಿನೆಲ್ಲಾ ಡಿಸೈನ್, ವಾಸ್ಪ್ ಸಂಸ್ಥೆಯ ಪ್ರಿಂಟರ್. ಅಲ್ಲಿಯದೇ ಮಣ್ಣು, ತಲಾ 12 ಮಿ.ಮೀ.ಯ 350 ಪದರ, 200 ಗಂಟೆ ಪ್ರಿಂಟಿಂಗ್. ಗೋಡೆಯ ತುಂಬಾ ಪದರಗಳ ಗೆರೆ ಹಾಗೇ ಉಳಿದಿದೆ. ಮೂಲೆ ಇಲ್ಲದಿದ್ದರೂ ಆ ಗೆರೆಗಳು ಕಣ್ಣಿಗೆ ಅಳತೆ ಕೊಡುತ್ತವೆ.

ಗೆರೆಗೀಟು:
ಇಬ್ಬರಿಗೂ ಥ್ಯಾಂಕ್ಸ್. ಮೂರು ಮಟ್ಟದಲ್ಲಿ ಕತ್ತರಿಸಿ ನೋಡಿದೆ. ಚೆಂದ ಅಂದುಕೊಂಡಿದ್ದ ಎಷ್ಟೋ ಚಿಪ್ಪುಗಳು ಅಲ್ಲೇ ಬಿದ್ದುಹೋದವು. ಸದ್ದಿನ ಕಥೆ ಏನು? ಮೇಲ್ಭಾಗ ಗುಮ್ಮಟದಂತಿದೆ.

ರಟ್ಟುಕತ್ತರಿ:
ಒಳಬಾಗಿದ ಮೇಲ್ಮೈ ಸದ್ದನ್ನು ಒಂದು ಕಡೆಗೆ ಕೂಡಿಸುತ್ತದೆ. ಬಾಗಿನ ಕೇಂದ್ರ ಎಲ್ಲಿ ಬರುತ್ತದೆ ಅಂತ ಸೆಕ್ಷನ್‌ನಲ್ಲಿ (ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ ತೋರಿಸುವ ನಕ್ಷೆ) ಗುರುತು ಹಾಕಿ. ಅದು ಕಿವಿಯ ಎತ್ತರಕ್ಕೆ ಬಂದರೆ ಅಲ್ಲಿ ನಿಂತು ಆಡಿದ ಮಾತು ತಿರುಗಿ ಅಲ್ಲಿಗೇ ಬರುತ್ತದೆ, ಊಟದ ಮೇಜು ಅಲ್ಲಿದ್ದರೆ ತುಂಬಾ ಕಿರಿಕಿರಿ. ಮೇಲಿನ ಬಾಗನ್ನು ಚಪ್ಪಟೆ ಮಾಡಿದರೆ ಕೇಂದ್ರ ನೆಲದ ಕೆಳಗೆ ಇಳಿಯುತ್ತದೆ. ಇಲ್ಲವಾದರೆ ಒಳಮೈಯನ್ನು ಒರಟಾಗಿ ಬಿಡಿ. ಸೆಕ್ಷನ್ ಹಾಕಿ, ನೋಡಿ ಹೇಳುತ್ತೇನೆ.